ದೇವರ ಪರ ವಕಾಲತ್ತು

ಬಹುಕಾಲ ನಡೆದ ಮೊಕದ್ದಮೆ ಯಾವುದೆಂದು ಕೇಳಿದರೆ ನಮ್ಮವರು ತಟ್ಟನೆ ಕಾವೇರಿ ಎನ್ನುತ್ತಾರೆ. ಕಾವೇರಿಗೆ 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾದರೂ ಬಂತು. ನಾನು ಹೇಳುತ್ತಿರುವ ಮೊಕದ್ದಮೆಗೆ ಎರಡು ಸಾವಿರ ವರ್ಷ ಮೀರಿತು, ಇನ್ನೂ ವಾದವೇ ಮುಗಿದಿಲ್ಲ. ಫಿರ್ಯಾದಿಗಳು ಕೋಟ್ಯಂತರ, ಆರೋಪಿ ಒಬ್ಬನೇ. ಆರೋಪವೂ ಸರಳ: ಎಲ್ಲ ಬಲ್ಲವನು, ಏನು ಬೇಕಾದರೂ ಮಾಡಬಲ್ಲವನು, ಮೇಲಾಗಿ ಕರುಣಾಳು ಎಂದು ಹೆಸರು ಪಡೆದವನು ಮೂರು ವರ್ಷದ ಕೂಸಿಗೆ ರಕ್ತದ ಕ್ಯಾನ್ಸರ್ ಬಂದಾಗ ಏನು ಮಾಡುತ್ತಿದ್ದ? ಗೊತ್ತಿರಲಿಲ್ಲವೋ, ಕೈಲಾಗಲಿಲ್ಲವೋ, ಮನಸ್ಸೇ ಇರಲಿಲ್ಲವೋ?

ಆರೋಪಿ ವಾಯಿದೆಗೆ ಹಾಜರಾಗುವುದಿಲ್ಲ. ಸಮನ್ಸ್ ಜಾರಿ ಮಾಡೋಣವೆಂದರೆ ವಿಳಾಸಗಳು ಲಕ್ಷಾಂತರ, ಹೋದಲ್ಲೆಲ್ಲ ದರ್ಶನದ ವೇಳೆ ಮುಗಿದಿದೆ ಎಂಬ ಬೋರ್ಡು. ಆದರೆ ಅವನ ಪರ ವಾದಿಸುವವರಿಗೆ ಬರವಿಲ್ಲ. ಕರಿಕೋಟಿನ ಬದಲು ಕಾವಿ, ನಿಲುವಂಗಿ, ಪೇಟ, ಪ್ರೊಫೆಸರರ ಟ್ವೀಡ್ ಕೋಟು ತೊಟ್ಟು ಸಾಲುಗಟ್ಟಿ ನಿಂತಿದ್ದಾರೆ. ಇಷ್ಟು ದೊಡ್ಡ ವಕೀಲರ ಪಡೆಯಲ್ಲಿ ಒಬ್ಬರ ವಕಾಲತ್ತಿನಲ್ಲೂ ಕಕ್ಷಿದಾರನ ಸಹಿ ಇಲ್ಲ. ಕಕ್ಷಿದಾರ ಒಂದೇ ಒಂದು ಸಲ ಕೋರ್ಟಿಗೆ ಬಂದದ್ದುಂಟು. ಬಂದು ಏನು ಮಾಡಿದ ಎಂಬುದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಕಡೆಯಿಂದಲೇ ಶುರು ಮಾಡೋಣ. ಬಾದರಾಯಣರು ಪ್ರಾಮಾಣಿಕರು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ದೇವರ ಮೇಲಿನ ಆರೋಪಪಟ್ಟಿಯನ್ನು ತಾವೇ ಬರೆದಿಟ್ಟರು. ಕಲಂ ಒಂದು ವೈಷಮ್ಯ: ಒಬ್ಬನಿಗೆ ಬೆಣ್ಣೆ, ಒಬ್ಬನಿಗೆ ಸುಣ್ಣ. ಕಲಂ ಎರಡು ನೈರ್ಘೃಣ್ಯ: ಕನಿಕರವಿಲ್ಲದ ಕ್ರೌರ್ಯ. ಬರೆದ ಉಸಿರಿನಲ್ಲೇ ಖುಲಾಸೆಯನ್ನೂ ಬರೆದರು. ದೇವರು ತಾನಾಗಿ ಏನೂ ಮಾಡುವುದಿಲ್ಲ, ಜೀವರ ಕರ್ಮ ನೋಡಿಕೊಂಡು ಕೊಡುತ್ತಾನೆ, ಹಾಗಾಗಿ ದೋಷವಿಲ್ಲ. ಇದಕ್ಕೆ ಭಾಷ್ಯ ಬರೆದ ಶಂಕರಾಚಾರ್ಯರು ಮಳೆಯ ಉದಾಹರಣೆ ಕೊಟ್ಟರು. ಮಳೆ ಎಲ್ಲ ಹೊಲಕ್ಕೂ ಒಂದೇ ತೆರನಾಗಿ ಸುರಿಯುತ್ತದೆ. ಒಂದು ಕಡೆ ಭತ್ತ, ಇನ್ನೊಂದು ಕಡೆ ಜವೆ ಬಂದರೆ ಅದು ಬೀಜದ ಗುಣ, ಮಳೆಯದಲ್ಲ.

ಆಚಾರ್ಯರ ಪೀಠವಿರುವ ಶೃಂಗೇರಿಗೇ ಮಳೆಗಾಲದಲ್ಲಿ ಹೋಗಿ ನೋಡಿ. ತುಂಗೆ ಉಕ್ಕಿದ ವರ್ಷ ಗಾಂಧಿ ಮೈದಾನ ಕೆರೆಯಾಗಿರುತ್ತದೆ. ಸೊಂಟದುದ್ದ ನೀರಿನಲ್ಲಿ ಬೊಂಬೆ, ಬಳೆ, ಪ್ಲಾಸ್ಟಿಕ್ ಕೊಡ ಹೊತ್ತು ಸಾಗಿಸುವ ಅಂಗಡಿಯವನಿಗೆ ಹೇಳಿ, ಮಳೆಯದೇನೂ ತಪ್ಪಿಲ್ಲ ಮಾರಾಯ, ನಿನ್ನ ಬೀಜವೇ ಸರಿ ಇರಲಿಲ್ಲ ಅಂತ. ಅವನು ಕೊಡುವ ಉತ್ತರವನ್ನು ಯಾವ ಭಾಷ್ಯಕಾರರೂ ದಾಖಲಿಸಿಲ್ಲ.

ಹಠಮಾರಿ ಶಿಷ್ಯನೊಬ್ಬ ಇಲ್ಲಿ ಕೈ ಎತ್ತುತ್ತಾನೆ. ಸ್ವಾಮಿ, ಕರ್ಮದಿಂದ ಜನ್ಮ, ಜನ್ಮದಿಂದ ಕರ್ಮ, ಸರಿ. ಮೊಟ್ಟಮೊದಲ ಸಲ ಸೃಷ್ಟಿಯಾದಾಗ ಹಿಂದಿನ ಕರ್ಮ ಎಲ್ಲಿತ್ತು? ಮುಂದಿನ ಸೂತ್ರದಲ್ಲೇ ಉತ್ತರ ಸಿದ್ಧ: ಮೊಟ್ಟಮೊದಲು ಎಂಬುದೇ ಇಲ್ಲ, ಸಂಸಾರ ಅನಾದಿ. ಅಂದರೆ ಕಡತದ ಪ್ರತಿ ಪುಟದಲ್ಲೂ 'ಉಲ್ಲೇಖ: ಹಿಂದಿನ ಪುಟ' ಎಂದಿದೆ, ಮೊದಲ ಪುಟ ಮಾತ್ರ ಇಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿಬಂದವರು ಈ ತತ್ತ್ವದ ಆಳವನ್ನು ಯಾರೂ ಹೇಳಿಕೊಡದೆ ಗ್ರಹಿಸಬಲ್ಲರು. ಶಿಕ್ಷೆ ಅನುಭವಿಸುವವನಿಗೆ ತಾನು ಮಾಡಿದ ಅಪರಾಧ ಯಾವುದೆಂದು ಗೊತ್ತೇ ಇಲ್ಲ. ಆರೋಪಪಟ್ಟಿಯ ನಕಲು ಕೊಡದೆ ಶಿಕ್ಷೆ ಕೊಡುವುದು ನಮ್ಮ ಜೆಎಂಎಫ್‌ಸಿ ಕೋರ್ಟಿನಲ್ಲೂ ನಡೆಯುವುದಿಲ್ಲ.

ಇಷ್ಟೇ ಆಗಿದ್ದರೆ ಪಂಡಿತರ ಜಗಲಿಯ ವಿನೋದ ಎಂದು ಬಿಡಬಹುದಿತ್ತು. ಆದರೆ ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯ ಪಟ್ಟಿಯನ್ನೇ ಕೊಟ್ಟುಬಿಡುತ್ತದೆ. ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರಾಗಿ ಹುಟ್ಟುತ್ತಾರೆ. ಕೆಟ್ಟ ನಡತೆಯವರು ನಾಯಿ, ಹಂದಿ, ಚಂಡಾಲರಾಗಿ. ಜನನ ಪ್ರಮಾಣಪತ್ರವೇ ಅಪರಾಧ ಸಾಬೀತಾದ ದಾಖಲೆ! ಮ್ಯಾನ್‌ಹೋಲಿಗೆ ಇಳಿದವನು ವಿಷಾನಿಲ ಕುಡಿದು ಸತ್ತರೆ ಗುತ್ತಿಗೆದಾರನಿಗೆ ಇದಕ್ಕಿಂತ ಒಳ್ಳೆಯ ವಕೀಲ ಎಲ್ಲಿ ಸಿಗಬೇಕು? 1993ರಲ್ಲೊಂದು, 2013ರಲ್ಲೊಂದು ಕಾಯ್ದೆ ಮಾಡಿ ಸಂಸತ್ತು ಈ ಕೆಲಸವನ್ನು ನಿಷೇಧಿಸಿದೆ. ಕರ್ಮದ ಕಾಯ್ದೆಗೆ ಇನ್ನೂ ತಿದ್ದುಪಡಿ ಬಂದಿಲ್ಲ.

ಉಡುಪಿಯ ಮಧ್ವಾಚಾರ್ಯರದು ಬೇರೆ ಜಾಯಮಾನ. ಸುತ್ತಿಬಳಸುವ ಮಾತೇ ಇಲ್ಲ. ಜೀವರಲ್ಲಿ ಮೂರು ಬಗೆ ಎಂದರು: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಮೂರನೆಯವರಿಗೆ ಅಂಧಂತಮಸ್ಸು, ಅಲ್ಲಿಂದ ವಾಪಸು ಬರುವ ಬಸ್ಸಿಲ್ಲ. ಈ ಯೋಗ್ಯತೆಯನ್ನು ದೇವರು ಕೊಟ್ಟದ್ದಲ್ಲ, ಅದು ಅನಾದಿ. ಅವನು ಮನಸ್ಸು ಮಾಡಿದರೆ ಬದಲಿಸಬಲ್ಲ, ಬದಲಿಸುವುದಿಲ್ಲ, ಅಷ್ಟೇ. ಕರ್ಮವೂ ಕಾಲವೂ ಸ್ವಭಾವವೂ ಅವನ ಅಧೀನ ಎಂದು ಕೂಡ ಅವರೇ ಹೇಳುತ್ತಾರೆ. ನೇರ ನುಡಿಗೆ ನೂರಕ್ಕೆ ನೂರು ಅಂಕ ಕೊಡಬೇಕು. ಆದರೂ ನನಗೊಂದು ಕುತೂಹಲ. ತಾನೇ ತಮೋಯೋಗ್ಯನಿರಬಹುದು ಎಂದು ಗುಮಾನಿಪಟ್ಟ ಒಬ್ಬ ವಿದ್ವಾಂಸನನ್ನೂ ನಾನು ಕಂಡಿಲ್ಲ. ತಮೋಯೋಗ್ಯರು ಯಾವಾಗಲೂ ಪಕ್ಕದ ಮತದವರು.

ರಾಮಾನುಜರ ಪರಂಪರೆಯವರು ಕರ್ಮವನ್ನು ಒಪ್ಪಿಕೊಂಡೇ ಶಿಫಾರಸಿನ ದಾರಿಯನ್ನೂ ತೆರೆದಿಟ್ಟರು. ಸ್ವಾಮಿ ದಂಡಿಸುವವನು, ಆದ್ದರಿಂದ ಅಮ್ಮನವರ ಮೂಲಕ ಹೋಗಿ. ಲಕ್ಷ್ಮಿ ಒಂದು ಮಾತು ಹಾಕಿದರೆ ಅವನು ಕರಗುತ್ತಾನೆ. ವಿಧಾನಸೌಧದಲ್ಲಿ ಕೆಲಸ ಮಾಡಿಸಿಕೊಂಡವರಿಗೆ ಟೀಕೆ ಟಿಪ್ಪಣಿ ಇಲ್ಲದೆ ತಿಳಿಯುವ ವೇದಾಂತ ಇದೊಂದೇ.

ಎದುರು ಪಕ್ಷವೂ ನಮ್ಮ ನೆಲದಲ್ಲೇ ಇತ್ತು. ಒಂಬತ್ತನೆಯ ಶತಮಾನದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನನ್ನು ಪಾಟೀಸವಾಲಿಗೆ ನಿಲ್ಲಿಸಿದರು. ಕರುಣೆಯಿಂದ ಜಗತ್ತು ಮಾಡಿದ ಎನ್ನುತ್ತೀರಿ, ಹಾಗಾದರೆ ಪೂರ್ತಿ ಸುಖದ ಜಗತ್ತನ್ನೇ ಏಕೆ ಮಾಡಲಿಲ್ಲ? ದುಷ್ಟರನ್ನು ಮಾತ್ರ ಕೊಲ್ಲುತ್ತಾನೆ ಎನ್ನುತ್ತೀರಿ, ಆ ದುಷ್ಟರನ್ನು ಹುಟ್ಟಿಸಿದವರು ಯಾರು? ಸಾವಿರದ ಇನ್ನೂರು ವರ್ಷ ಕಳೆದರೂ ಈ ಪ್ರಶ್ನೆಗಳ ಅಲಗು ಮೊಂಡಾಗಿಲ್ಲ. ಆದರೆ ಜೈನರೂ ದೇವರನ್ನು ಕಟಕಟೆಯಿಂದ ಇಳಿಸಿದ ಮೇಲೆ ಅದನ್ನು ಖಾಲಿ ಬಿಡಲಿಲ್ಲ. ಕರ್ಮ ಸೂಕ್ಷ್ಮ ದ್ರವ್ಯವಾಗಿ ತಾನಾಗಿಯೇ ಜೀವಕ್ಕೆ ಅಂಟುತ್ತದೆ, ನ್ಯಾಯಾಧೀಶನೂ ಬೇಡ, ಜೈಲರನೂ ಬೇಡ ಎಂದರು. ಕಟಕಟೆಯಲ್ಲಿ ನಿಂತವನು ಮತ್ತೆ ಅವನೇ, ನೋವು ತಿಂದವನು.

ಅಷ್ಟಕ್ಕೂ ಈ ಕರ್ಮದ ಲೆಕ್ಕಪತ್ರ ಒಮ್ಮೆ ತನಿಖೆಯಾಗಬೇಕು. ಸಿಡುಬಿನ ಬಾಬ್ತನ್ನೇ ತೆಗೆದುಕೊಳ್ಳಿ. ನಮ್ಮ ಅಜ್ಜಿಯರ ಕಾಲದಲ್ಲಿ ಅದು 'ಅಮ್ಮ', ಬೇವಿನ ಸೊಪ್ಪಿನ ಮೇಲೆ ಮಗುವನ್ನು ಮಲಗಿಸಿ ದೇವಿಯನ್ನು ಬೇಡಿಕೊಳ್ಳುತ್ತಿದ್ದರು. ಮಗು ಹೋದರೆ ಪೂರ್ವಜನ್ಮದ ಪಾಪ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ತೊಲಗಿತು ಎಂದು ಸಾರಿತು. ಹಾಗಾದರೆ ಸಿಡುಬಿಗೆ ಸಾಕಾಗುವಷ್ಟು ಪಾಪ ಮಾಡಿಟ್ಟು 1980ರ ಮೇಲೆ ಹುಟ್ಟಿದವರ ಗತಿಯೇನು? ಅವರ ಬಾಕಿಯನ್ನು ಡೆಂಗಿ ಖಾತೆಗೆ ವರ್ಗಾಯಿಸಿದರೇ? ಅಥವಾ ಒಂದು ಸೂಜಿ ಚುಚ್ಚಿದ ಮಾತ್ರಕ್ಕೆ ಮನ್ನಾ ಆಯಿತೇ? ಮೈಸೂರು ಅರಮನೆಯ ರಾಣಿಯರು 1805ರ ಸುಮಾರಿಗೆ ಸಿಡುಬಿನ ಲಸಿಕೆಯ ಪ್ರಚಾರಕ್ಕಾಗಿ ಚಿತ್ರ ಬರೆಸಿಕೊಂಡರು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಜನ್ಮಾಂತರದ ಲೆಕ್ಕದಲ್ಲಿ ಕೈಯಾಡಿಸಿದಿರಿ ಎಂದು ಅರಮನೆಯ ಮೇಲೆ ಯಾವ ಪಂಡಿತರೂ ದಾವೆ ಹೂಡಿದ ಹಾಗಿಲ್ಲ. ಅರಮನೆಯ ಕರ್ಮಕ್ಕೆ ಯಾವಾಗಲೂ ರಿಯಾಯಿತಿ ಇರುತ್ತದೆ.

ಬಸ್ರಾದ ಕಥೆಯೊಂದು ಇಸ್ಲಾಮಿ ಧರ್ಮಶಾಸ್ತ್ರದ ಪುಸ್ತಕಗಳಲ್ಲಿ ಬರುತ್ತದೆ. ನಡೆದದ್ದೋ ಕಟ್ಟಿದ್ದೋ, ಅಂತೂ ಅದರ ಮುಂದೆ ನಮ್ಮ ಎಷ್ಟೋ ವ್ಯಂಗ್ಯ ಬರಹ ಸಪ್ಪೆ. ಹತ್ತನೆಯ ಶತಮಾನದ ಆರಂಭ. ದೇವರು ನ್ಯಾಯವನ್ನೇ ಮಾಡುತ್ತಾನೆ, ಅನ್ಯಾಯ ಮಾಡಲು ಸಾಧ್ಯವೇ ಇಲ್ಲ ಎನ್ನುವ ಮುಅತಜಿಲಾ ಪಂಥದ ಗುರು ಜುಬ್ಬಾಯಿ. ಅವನೆದುರು ಶಿಷ್ಯ ಅಶ್ಅರಿ. ಗುರುಗಳೇ, ಮೂವರು ಅಣ್ಣತಮ್ಮಂದಿರು. ಒಬ್ಬ ಧರ್ಮಿಷ್ಠನಾಗಿ ಸತ್ತ, ಒಬ್ಬ ಪಾಪಿಯಾಗಿ ಸತ್ತ, ಒಬ್ಬ ಮಗುವಾಗಿದ್ದಾಗಲೇ ಸತ್ತ. ಮೂವರ ಗತಿ? ಮೊದಲನೆಯವನು ಸ್ವರ್ಗಕ್ಕೆ, ಎರಡನೆಯವನು ನರಕಕ್ಕೆ, ಮಗು ನರಕದಿಂದ ಪಾರು, ಆದರೆ ಅಣ್ಣನ ಎತ್ತರಕ್ಕೆ ಏರಲಾರದು. ನನ್ನನ್ನೂ ಬದುಕಲು ಬಿಟ್ಟಿದ್ದರೆ ನಾನೂ ಪುಣ್ಯ ಮಾಡುತ್ತಿದ್ದೆನಲ್ಲ ಎಂದು ಮಗು ಕೇಳಿದರೆ? ನೀನು ಬೆಳೆದು ಪಾಪಿಯಾಗುತ್ತೀ ಎಂದು ನನಗೆ ಗೊತ್ತಿತ್ತು, ನಿನ್ನ ಒಳ್ಳೆಯದಕ್ಕೇ ಬೇಗ ಕರೆಸಿಕೊಂಡೆ ಎನ್ನುತ್ತಾನೆ ದೇವರು. ಆಗ ನರಕದಿಂದ ನಡುವಿನವನು ಕೂಗುತ್ತಾನೆ: ನನ್ನ ವಿಷಯವೂ ಗೊತ್ತಿತ್ತಲ್ಲ, ನನ್ನನ್ನೇಕೆ ಮಗುವಾಗಿದ್ದಾಗ ಕರೆಸಿಕೊಳ್ಳಲಿಲ್ಲ?

ಗುರು ಬಾಯಿಮುಚ್ಚಿದನಂತೆ. ಇಂಥ ಪ್ರಶ್ನೆ ಎತ್ತಿದ ಶಿಷ್ಯ ಕೊನೆಗೆ ಎಲ್ಲಿ ನಿಂತ ಎಂಬುದು ಇನ್ನೂ ಸ್ವಾರಸ್ಯ. ದೇವರು ಏನು ಮಾಡಿದರೂ ಅದೇ ನ್ಯಾಯ, ನಮ್ಮ ಅಳತೆಗೋಲು ಅವನಿಗೆ ತಾಗುವುದಿಲ್ಲ ಎಂದ. ಅಂದರೆ ಈ ನ್ಯಾಯಾಲಯಕ್ಕೆ ವಿಚಾರಣೆಯ ಅಧಿಕಾರವೇ ಇಲ್ಲ ಎಂದು ಅರ್ಜಿ ಹಾಕಿ ಹೊರನಡೆದ. ಪ್ರಕರಣ ವಜಾ ಮಾಡಿಸಲು ಜಾಣ ವಕೀಲ ಮಾಡುವ ಮೊದಲ ಕೆಲಸ ಅದು.

ಯುರೋಪಿನಲ್ಲಿ ಇದಕ್ಕೆಲ್ಲ ಗ್ರಂಥರೂಪ ಕೊಟ್ಟವನು ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್. 1710ರ ಅವನ ಪುಸ್ತಕದ ಸಾರಾಂಶ: ದೇವರು ಸಾಧ್ಯವಿದ್ದ ಎಲ್ಲ ಜಗತ್ತುಗಳನ್ನೂ ಅಳೆದು ತೂಗಿ ಅತ್ಯುತ್ತಮವಾದುದನ್ನೇ ಆರಿಸಿದ್ದಾನೆ, ನಮಗೆ ಕೆಡುಕಾಗಿ ಕಾಣುವುದೆಲ್ಲ ಒಟ್ಟು ಲೆಕ್ಕದಲ್ಲಿ ಬೇಕಾದದ್ದೇ. ಪುಸ್ತಕ ಬಂದು ನಲವತ್ತೈದು ವರ್ಷ ಎಲ್ಲವೂ ಸುಸೂತ್ರ ನಡೆಯಿತು.

1755ರ ನವೆಂಬರ್ 1, ಶನಿವಾರ. ಲಿಸ್ಬನ್ ನಗರದಲ್ಲಿ ಸಕಲ ಸಂತರ ಹಬ್ಬ. ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು, ಚರ್ಚುಗಳು ತುಂಬಿದ್ದವು, ಪೂಜಾಪೀಠಗಳ ಮೇಲೆ ಸಾಲು ಮೋಂಬತ್ತಿ ಉರಿಯುತ್ತಿತ್ತು. ಭೂಮಿ ನಡುಗಿತು. ಕಲ್ಲಿನ ಚಾವಣಿಗಳು ಪ್ರಾರ್ಥನೆಗೆ ಮಂಡಿಯೂರಿದವರ ಮೇಲೆಯೇ ಕುಸಿದವು. ಬದುಕಿದವರು ಬಯಲು ಸಿಕ್ಕಿತೆಂದು ತೇಜೋ ನದಿಯ ದಂಡೆಗೆ ಓಡಿದರು. ಮುಕ್ಕಾಲು ಗಂಟೆಯೊಳಗೆ ಸಮುದ್ರವೇ ನದಿಯೊಳಗೆ ನುಗ್ಗಿ ಅವರನ್ನು ಎಳೆದೊಯ್ದಿತು. ಹಬ್ಬಕ್ಕೆಂದು ಹಚ್ಚಿದ ಮೋಂಬತ್ತಿಗಳೂ ಮನೆಯೊಲೆಗಳೂ ಸೇರಿ ಊರಿಗೆ ಬೆಂಕಿ ಕೊಟ್ಟವು, ದಿನಗಟ್ಟಲೆ ಉರಿಯಿತು. ಸಕಲ ಸಂತರ ಹೆಸರಿನದೇ ಆದ ದೊಡ್ಡ ಆಸ್ಪತ್ರೆಯಲ್ಲಿ ನೂರಾರು ರೋಗಿಗಳು ಹಾಸಿಗೆಯಲ್ಲೇ ಬೆಂದರು. ಸತ್ತವರು ಹತ್ತಾರು ಸಾವಿರ. ವೇಶ್ಯೆಯರ ಬೀದಿಗೆ ಮಾತ್ರ ಹೆಚ್ಚೇನೂ ಆಗಲಿಲ್ಲ ಎಂಬ ಮಾತು ಅಂದಿನಿಂದ ಇಂದಿನವರೆಗೂ ಓಡಾಡುತ್ತಿದೆ. ಹಬ್ಬದ ದಿನ ಚರ್ಚಿಗೆ ಹೋಗದೆ ಮನೆಯಲ್ಲೇ ಉಳಿದ ಸೋಮಾರಿಗಳ ಪಾಲಿಗೆ ಅವತ್ತು ಸೋಮಾರಿತನವೇ ತಾರಕಮಂತ್ರವಾಯಿತು.

ಇಂಥ ಹೊತ್ತಿನಲ್ಲಿ ವಕೀಲರು ಸುಮ್ಮನಿರುವುದುಂಟೇ? ಜೆಸ್ಯುಟ್ ಪಾದ್ರಿ ಮಾಲಗ್ರಿಡಾ 1756ರಲ್ಲಿ ಕಿರುಹೊತ್ತಗೆ ಅಚ್ಚು ಹಾಕಿಸಿದ. ಇದು ಪ್ರಕೃತಿಯ ಕೆಲಸವಲ್ಲ, ನಿಮ್ಮ ನಾಟಕ, ಕುಣಿತ, ಗೂಳಿಕಾಳಗಗಳ ಪಾಪ. ಈಗ ಗುಡಿಸಲು ಕಟ್ಟುತ್ತ ಕೂರುವುದಲ್ಲ, ಪಶ್ಚಾತ್ತಾಪಪಡಿ ಎಂದ. ಅತ್ತ ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಬೋಧಕರು ಇದು ಕ್ಯಾಥೊಲಿಕ್ಕರ ವಿಗ್ರಹಪೂಜೆಗೂ, ಪಾಷಂಡಿಗಳನ್ನು ಸುಡುವ ವಿಚಾರಣಾ ಪೀಠಕ್ಕೂ ದೇವರು ಕೊಟ್ಟ ಏಟು ಎಂದರು. ಒಂದೇ ಭೂಕಂಪ. ಒಬ್ಬರ ಪ್ರಕಾರ ಭಕ್ತಿ ಸಾಲದ್ದಕ್ಕೆ, ಇನ್ನೊಬ್ಬರ ಪ್ರಕಾರ ಭಕ್ತಿ ಹೆಚ್ಚಾದದ್ದಕ್ಕೆ. ಎರಡೂ ಕಡೆಯವರಿಗೆ ಸಂಶಯವಿಲ್ಲದಿದ್ದುದು ಒಂದೇ ಸಂಗತಿ: ತಪ್ಪು ಸತ್ತವರದ್ದು.

ವೋಲ್ತೇರನಿಗೆ ಇದು ತಡೆಯಲಾಗಲಿಲ್ಲ. 1759ರಲ್ಲಿ 'ಕ್ಯಾಂಡೀಡ್' ಎಂಬ ಪುಟ್ಟ ಪುಸ್ತಕ ಬರೆದ. ಅದರಲ್ಲಿ ಪಾಂಗ್ಲಾಸ್ ಎಂಬ ತತ್ತ್ವಜ್ಞಾನಿ ಬರುತ್ತಾನೆ. ಮೇಹರೋಗದಿಂದ ಮೂಗು ಕೊಳೆತರೂ, ಕೊಲಂಬಸ್ ಆ ರೋಗ ಹತ್ತಿಸಿಕೊಂಡು ಬಾರದಿದ್ದರೆ ನಮಗೆ ಚಾಕೊಲೇಟ್ ಸಿಗುತ್ತಿರಲಿಲ್ಲವಲ್ಲ ಎಂದು ವಾದಿಸುವವನು. ಲೈಬ್ನಿಟ್ಸ್ ಅಷ್ಟೊಂದು ಪೆದ್ದನಾಗಿರಲಿಲ್ಲ, ಇದು ಅನ್ಯಾಯದ ಚಿತ್ರ ಎಂದು ವಿದ್ವಾಂಸರು ಇಂದಿಗೂ ಗೊಣಗುತ್ತಾರೆ. ಗೊಣಗಲಿ. ಇದಕ್ಕೂ ಮೊದಲು, 1756ರಲ್ಲಿ, ರೂಸೋ ವೋಲ್ತೇರನಿಗೆ ಬರೆದ ಪತ್ರದಲ್ಲಿ ಬೇರೊಂದು ಮಾತು ಎತ್ತಿದ್ದ: ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಒತ್ತೊತ್ತಾಗಿ ಅಲ್ಲಿ ಕಟ್ಟಿದ್ದು ಪ್ರಕೃತಿಯಲ್ಲ. ದೇವರನ್ನು ಉಳಿಸಲು ಹೋಗಿ ಆಡಿದ ಮಾತಾದರೂ ಬೆಂಗಳೂರಿನ ರಾಜಕಾಲುವೆಯ ಮೇಲೆ ಮನೆ ಕೊಂಡವರು ಚೌಕಟ್ಟು ಹಾಕಿಸಿ ತೂಗುಹಾಕುವಂಥದ್ದು.

ಇಷ್ಟೆಲ್ಲ ತಲೆಗಳ ನಡುವೆ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದವನು ಒಬ್ಬ ಮಂತ್ರಿ, ಮುಂದೆ ಪೊಂಬಾಲ್ ಎಂಬ ಪದವಿಯಿಂದ ಹೆಸರಾದವನು. ಅವನ ಕಾಲದಲ್ಲಿ ಪೋರ್ಚುಗಲ್ಲಿನ ಎಲ್ಲ ಚರ್ಚು ವಲಯಗಳಿಗೆ ಒಂದು ಪ್ರಶ್ನಾವಳಿ ಹೋಯಿತು. ನಡುಕ ಎಷ್ಟು ಹೊತ್ತು ಇತ್ತು? ಯಾವ ದಿಕ್ಕಿನಿಂದ ಜೋರಾಗಿತ್ತು? ಸಮುದ್ರ ಮೊದಲು ಏರಿತೋ ಇಳಿಯಿತೋ? ನೆಲ ಬಿರಿಯಿತೇ? ಎಷ್ಟು ಜನ ಸತ್ತರು? ಯಾರ ಪಾಪದಿಂದ ಎಂಬ ಕಲಮೇ ಇರಲಿಲ್ಲ. ಉತ್ತರ ಬರೆದು ಕಳಿಸಿದವರು ಪಾದ್ರಿಗಳೇ. ಭೂಕಂಪ ವಿಜ್ಞಾನ ಹುಟ್ಟಿದ್ದು ಅಲ್ಲಿಂದ ಎನ್ನುವವರಿದ್ದಾರೆ. ಗೋಡೆಗಳೊಳಗೆ ಮರದ ಪಂಜರ ಕೂರಿಸಿ ಹೊಸ ಮನೆಗಳನ್ನು ಕಟ್ಟಿದರು. ಮಾದರಿ ಮನೆಯ ಸುತ್ತ ಸೈನಿಕರಿಂದ ಕವಾಯತು ಮಾಡಿಸಿ ನೆಲ ಅದುರಿಸಿ ಪರೀಕ್ಷೆ ಮಾಡಿದರಂತೆ. ಆದರೆ ಪೊಂಬಾಲನನ್ನು ಪೂಜಿಸುವವರು ಸ್ವಲ್ಪ ತಡೆಯಿರಿ. ತನಗೆ ಅಡ್ಡ ಬಂದ ಮಾಲಗ್ರಿಡಾನನ್ನು ಮೊದಲು ಊರು ಬಿಡಿಸಿ, ಕೊನೆಗೆ 1761ರಲ್ಲಿ ಧರ್ಮದ್ರೋಹದ ಆಪಾದನೆಯ ಮೇಲೆ ಅದೇ ವಿಚಾರಣಾ ಪೀಠದಿಂದ ಕತ್ತು ಬಿಗಿಸಿ ಸುಡಿಸಿದ. ದೇವರ ಪರ ವಕೀಲಿಗೆ ಲಿಸ್ಬನ್ನಿನಲ್ಲಿ ಸಿಕ್ಕ ಫೀಸು ಅದು.

ನಮ್ಮ ಕಾಲದ ಪ್ರೊಫೆಸರುಗಳು ಹೀಗೆ ಸಾಯುವುದಿಲ್ಲ, ನಿವೃತ್ತರಾಗುತ್ತಾರೆ. ಅಮೆರಿಕದ ಆಲ್ವಿನ್ ಪ್ಲಾಂಟಿಂಗ 1974ರ ಪುಸ್ತಕಗಳಲ್ಲಿ ಮನುಷ್ಯನ ಸ್ವತಂತ್ರ ಇಚ್ಛೆಯ ವಾದವನ್ನು ತರ್ಕಶಾಸ್ತ್ರದ ಚಿಹ್ನೆಗಳಲ್ಲಿ ಮಂಡಿಸಿದರು. ಕೊಲೆ ಸುಲಿಗೆಗೆ ಮನುಷ್ಯ ಹೊಣೆ, ಸರಿ. ಭೂಕಂಪಕ್ಕೆ? ಅದು ಪತಿತ ದೇವದೂತರ ಸ್ವತಂತ್ರ ಇಚ್ಛೆಯಿಂದ ಆಗುವುದು ತಾರ್ಕಿಕವಾಗಿ ಅಸಾಧ್ಯವೇನಲ್ಲ ಎಂದರು. ಹಾಗೆಯೇ ಆಗುತ್ತದೆ ಎಂದು ಹೇಳಿಲ್ಲ, ಆಗಬಾರದೆಂದಿಲ್ಲ ಎಂದರು, ಅಷ್ಟೇ. ಭೂಪದರಗಳನ್ನು ದೆವ್ವಗಳು ದೂಡುತ್ತಿರಬಹುದು ಎಂದು ನಮ್ಮೂರ ಮಂತ್ರವಾದಿ ಹೇಳಿದರೆ ಮೂಢನಂಬಿಕೆ ತಡೆ ಕಾಯ್ದೆಯಡಿ ಕೇಸು. ಪ್ರೊಫೆಸರು ಹೇಳಿದರೆ ಪಠ್ಯ. ಆಕ್ಸ್‌ಫರ್ಡಿನ ರಿಚರ್ಡ್ ಸ್ವಿನ್‌ಬರ್ನ್ ಇನ್ನೂ ಒಂದು ಹೆಜ್ಜೆ ಮುಂದೆ. ಹಿರೋಷಿಮಾದಲ್ಲಿ ಒಬ್ಬರು ಕಡಿಮೆ ಸುಟ್ಟಿದ್ದರೆ ಧೈರ್ಯಕ್ಕೂ ಸಹಾನುಭೂತಿಗೂ ಅಷ್ಟು ಅವಕಾಶ ಕಡಿಮೆಯಾಗುತ್ತಿತ್ತು ಎಂಬರ್ಥದ ಮಾತನ್ನು ಅಚ್ಚಿನಲ್ಲಿ ಬರೆದಿದ್ದಾರೆ. ಆ ಒಬ್ಬರಾಗಲು ತಾವು ಸಿದ್ಧವೇ ಎಂದು ಅವರು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಪರರ ಚರ್ಮದ ಮೇಲೆ ನಮ್ಮ ಗುಣವಿಕಾಸ.

ವಕೀಲರು ಯಾವಾಗಲೂ ಕೆಟ್ಟವರೇ ಆಗಿರಬೇಕೆಂದಿಲ್ಲ. 1934ರ ಜನವರಿ 15ರಂದು ಬಿಹಾರ ನಡುಗಿತು. ಮುಂಗೇರ್, ಮುಜಫ್ಫರಪುರಗಳು ನೆಲಸಮವಾದವು, ನೇಪಾಳವೂ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹರಿಜನ ಯಾತ್ರೆಯ ಮೇಲಿದ್ದ ಗಾಂಧೀಜಿ ಕೆಲವೇ ದಿನಗಳಲ್ಲಿ ತಿರುನೆಲ್ವೇಲಿಯಲ್ಲಿ ಹೇಳಿದರು: ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ. ಉದ್ದೇಶ ಬಂಗಾರದಂಥದ್ದು. ಆದರೆ ಅಸ್ಪೃಶ್ಯತೆ ತಿರುನೆಲ್ವೇಲಿಯಲ್ಲಿ ಕಡಿಮೆ ಇತ್ತೇ? ಮುಂಗೇರಿನ ಮಣ್ಣಿನಡಿ ಸಿಕ್ಕಿಕೊಂಡ ಅಸ್ಪೃಶ್ಯರು ಯಾರನ್ನು ಮುಟ್ಟದ ಪಾಪಕ್ಕೆ ಸತ್ತರು? ರವೀಂದ್ರನಾಥ ಠಾಕೂರರು ಗಾಬರಿಗೊಂಡು ಖಂಡನೆ ಬರೆದರು. ಪ್ರಕೃತಿಯ ಅವಘಡಕ್ಕೆ ಪ್ರಕೃತಿಯಲ್ಲೇ ಕಾರಣ ಹುಡುಕಬೇಕು. ಅಲ್ಲದೆ ಇಂಥ ವಾದ ಗಾಂಧಿಗಿಂತ ಗಾಂಧಿಯ ವಿರೋಧಿಗಳಿಗೇ ಚೆನ್ನಾಗಿ ಒಗ್ಗುತ್ತದೆ, ನಾಳೆ ಅವರು ಇದೇ ಭೂಕಂಪ ತೋರಿಸಿ ನಿಮ್ಮನ್ನೇ ಹೊಣೆ ಮಾಡಿಯಾರು ಎಂಬ ತಾತ್ಪರ್ಯದ ಮಾತು. ಗಾಂಧೀಜಿ ಅದನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಫೆಬ್ರವರಿ 16ರಂದು ಅಚ್ಚು ಹಾಕಿ, ಜೊತೆಗೆ ತಮ್ಮ ಉತ್ತರವನ್ನೂ ಕೊಟ್ಟರು, ನಂಬಿಕೆಯಿಂದ ಕದಲಲಿಲ್ಲ. ಮಾರ್ಚಿಯಲ್ಲಿ ಬಿಹಾರಕ್ಕೇ ಹೋಗಿ ಪರಿಹಾರ ಕೆಲಸಕ್ಕೆ ನಿಂತರು ಎಂಬುದನ್ನೂ ಹೇಳದಿದ್ದರೆ ನಾನೂ ವಕೀಲಿ ಮಾಡಿದ ಹಾಗಾಗುತ್ತದೆ.

ಠಾಕೂರರ ಎಚ್ಚರಿಕೆ ನಿಜವಾಗಿದ್ದಕ್ಕೆ ದೂರ ಹೋಗಬೇಕಿಲ್ಲ. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿ 400ಕ್ಕೂ ಹೆಚ್ಚು ಜನ ಸತ್ತರು. ರಿಸರ್ವ್ ಬ್ಯಾಂಕಿನ ನಿರ್ದೇಶಕ ಮಂಡಳಿಗೆ ಆಗಷ್ಟೇ ಸೇರಿದ್ದ ಮಹನೀಯರೊಬ್ಬರು ಇದಕ್ಕೂ ಶಬರಿಮಲೆಯ ಮಹಿಳಾ ಪ್ರವೇಶದ ಮೊಕದ್ದಮೆಗೂ ಸಂಬಂಧವಿದೆಯೇ ನೋಡಬೇಕು ಎಂದು ಟ್ವೀಟಿಸಿದರು. ತಮಾಷೆಯೆಂದರೆ ಸುಪ್ರೀಂ ಕೋರ್ಟು ಆಗ ತೀರ್ಪನ್ನು ಕಾಯ್ದಿರಿಸಿತ್ತು, ಹೊರಬಂದದ್ದು ಸೆಪ್ಟೆಂಬರ್ 28ಕ್ಕೆ. ಅಪರಾಧಕ್ಕೆ ಮೊದಲೇ ಶಿಕ್ಷೆ! ನಿರೀಕ್ಷಣಾ ಜಾಮೀನು ಕೇಳಿದ್ದೆವು, ಇದು ನಿರೀಕ್ಷಣಾ ದಂಡನೆ. ನಮ್ಮದೇ ರಾಜ್ಯದ ಶಾಸಕರೊಬ್ಬರು ಗೋಹತ್ಯೆಯೇ ಕಾರಣವೆಂದರು. ಅದೇ ತಿಂಗಳು, ಅದೇ ಮೋಡ, ನಮ್ಮ ಕೊಡಗಿನಲ್ಲಿ ಗುಡ್ಡಗಳು ಜಾರಿ ಮನೆ, ತೋಟ, ಜನ ಮಣ್ಣುಪಾಲಾದರು. ಮಡಿಕೇರಿ ತಾಲ್ಲೂಕಿನ ಪಾಪ ಯಾವುದೆಂದು ಶಾಸಕರು ಹೇಳಲಿಲ್ಲ. ಪಾಪ ಗಡಿ ದಾಟಿದ ಕೂಡಲೇ ಪ್ರಕೃತಿ ವಿಕೋಪವಾಗಿ ಪರಿಹಾರ ನಿಧಿಗೆ ಅರ್ಜಿ ಹಾಕಿತು.

ದೊಡ್ಡವರ ಈ ವಾದಗಳೆಲ್ಲ ಚಿಲ್ಲರೆಯಾಗಿ ಬಿಕರಿಯಾಗುವುದು ಸಾವಿನ ಮನೆಯಲ್ಲಿ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ ಹಿರಿಯರೊಬ್ಬರು ಪ್ರತಿ ಊರಿನಲ್ಲೂ ಇದ್ದಾರೆ. ಇಪ್ಪತ್ತೆರಡರ ಮಗನನ್ನು ಬೈಕ್ ಅಪಘಾತದಲ್ಲಿ ಕಳೆದುಕೊಂಡವಳಿಗೆ ಹೇಳುತ್ತಾರೆ: 'ಅಳಬ್ಯಾಡ ತಾಯಿ, ಋಣ ಇಷ್ಟೇ ಇತ್ತು. ಒಳ್ಳೆಯವರನ್ನ ದೇವರು ಬೇಗ ಕರ್ಕೊಂತಾನೆ.' ಹೇಳುವವರಿಗೆ ಎಂಬತ್ತೆರಡು. ತಮ್ಮ ಸಿದ್ಧಾಂತ ತಮ್ಮ ಬಗ್ಗೆ ಏನು ಹೇಳುತ್ತದೆ ಎಂದು ಅವರು ಲೆಕ್ಕ ಹಾಕಿದ ಹಾಗೆ ಕಾಣುವುದಿಲ್ಲ. ಆ ತಾಯಿ ಮಾತ್ರ ಯಾರ ಸಿದ್ಧಾಂತಕ್ಕೂ ಕಾಯದೆ ನೇರವಾಗಿ ಮೇಲಕ್ಕೇ ಕೂಗುತ್ತಾಳೆ: ನಿನಗೆ ಕಣ್ಣಿಲ್ಲವೇನೋ, ನಿನ್ನ ಗುಡಿ ಹಾಳಾಗ! ಸೂತಕ ಕಳೆದ ಮೇಲೆ ಅದೇ ಗುಡಿಗೆ ಹೋಗಿ ಎಣ್ಣೆ ಹಾಕಿಯೂ ಬರುತ್ತಾಳೆ. ಅವಳಿಗೂ ದೇವರಿಗೂ ನಡುವೆ ಇರುವುದು ಜಗಳ, ಮಧ್ಯಸ್ಥರು ಬೇಕಿಲ್ಲ. ನಮ್ಮ ದಾಸರು ನಿಂದಾಸ್ತುತಿ ಎಂದು ದೇವರನ್ನು ಹಾಡಿಹಾಡಿಯೇ ಬೈದರು. ಭಕ್ತರಿಗಿರುವ ಈ ಸಲಿಗೆ ದೇವರ ವಕೀಲರಿಗೆ ಎಂದೂ ದಕ್ಕಲಿಲ್ಲ.

ಕಕ್ಷಿದಾರ ಒಮ್ಮೆ ಕೋರ್ಟಿಗೆ ಬಂದ ಎಂದೆನಲ್ಲ, ಅದು ಬೈಬಲ್ಲಿನ ಯೋಬನ ಗ್ರಂಥದಲ್ಲಿ. ಯೋಬ ನೀತಿವಂತ; ದೇವರೂ ಸೈತಾನನೂ ಅವನ ಬೆನ್ನ ಹಿಂದೆ ಪಣ ಕಟ್ಟುತ್ತಾರೆ. ಏಳು ಗಂಡು, ಮೂರು ಹೆಣ್ಣು, ಹತ್ತೂ ಮಕ್ಕಳು ಒಂದೇ ದಿನ ಮನೆ ಕುಸಿದು ಸಾಯುತ್ತಾರೆ. ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತು ಮಡಕೆಯ ಚೂರಿನಿಂದ ಕೆರೆದುಕೊಳ್ಳುತ್ತಾನೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಅವನ ಸ್ಥಿತಿ ಕಂಡು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಅವನ ಜೊತೆ ಕೂರುತ್ತಾರೆ. ಎಂಟನೆಯ ದಿನ ಬಾಯಿ ತೆರೆದರು, ಕೆಟ್ಟರು. ನಿರಪರಾಧಿ ಎಂದಾದರೂ ನಾಶವಾದದ್ದುಂಟೇ, ಏನೋ ಪಾಪ ಮಾಡಿರಬೇಕು ನೀನು, ಒಪ್ಪಿಕೊಂಡುಬಿಡು ಎಂದು ಅಧ್ಯಾಯಗಟ್ಟಲೆ ದೇವರ ಪರ ವಾದಿಸಿದರು. ಯೋಬ ಒಪ್ಪಲಿಲ್ಲ, ಆರೋಪಿಯೇ ಬಂದು ಉತ್ತರ ಹೇಳಲಿ ಎಂದು ಪಟ್ಟು ಹಿಡಿದ.

ಕೊನೆಗೆ ದೇವರು ಸುಂಟರಗಾಳಿಯೊಳಗಿಂದ ಮಾತಾಡುತ್ತಾನೆ. ಉತ್ತರ ಕೊಡುವುದಿಲ್ಲ, ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಎಂದು ಎದುರು ಪ್ರಶ್ನೆ ಹಾಕಿ ಆಡು, ಕತ್ತೆ, ಕುದುರೆ, ಮೊಸಳೆಯಂಥ ಮಹಾಜಂತುವಿನ ಮೇಲೆ ಉಪನ್ಯಾಸ ಕೊಡುತ್ತಾನೆ. ಯೋಬ ಸುಮ್ಮನಾಗುತ್ತಾನೆ. ಇಷ್ಟಕ್ಕೇ ಮುಗಿದಿದ್ದರೆ ಬಲಾಢ್ಯನ ಗದರಿಕೆ ಎನ್ನಬಹುದಿತ್ತು. ಆಮೇಲೆ ದೇವರು ಎಲೀಫಜನ ಕಡೆ ತಿರುಗುತ್ತಾನೆ. ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಸಿಟ್ಟು ಬಂದಿದೆ, ನನ್ನ ವಿಷಯದಲ್ಲಿ ಯೋಬನ ಹಾಗೆ ನೀವು ಸರಿಯಾದದ್ದನ್ನು ಆಡಲಿಲ್ಲ ಎಂಬುದು ಅವನ ಮಾತಿನ ಸಾರ. ದಂಡ: ಏಳು ಹೋರಿ, ಏಳು ಟಗರು. ಮೇಲಾಗಿ ಕ್ಷಮೆ ಬೇಕಿದ್ದರೆ ಯೋಬನ ಬಳಿಗೇ ಹೋಗಬೇಕು, ಅವನು ಪ್ರಾರ್ಥಿಸಿದರೆ ಮಾತ್ರ ಬಿಡುಗಡೆ. ಮೈತುಂಬ ಹುಣ್ಣಿಟ್ಟುಕೊಂಡು ದೇವರನ್ನು ಕೋರ್ಟಿಗೆಳೆದವನು ಗೆದ್ದ, ದೇವರನ್ನು ಸಮರ್ಥಿಸಿದ ಮೂವರು ವಕೀಲರು ಸೋತರು. ಧರ್ಮಶಾಸ್ತ್ರದ ತರಗತಿಗಳಲ್ಲಿ ಶತಮಾನಗಳಿಂದ ಈ ಪುಸ್ತಕ ಓದಿಸುತ್ತಾರೆ. ಓದಿದವರು ಹೊರಬಂದು ಎಲೀಫಜನ ಕೆಲಸಕ್ಕೇ ಸೇರುತ್ತಾರೆ.

ಯೋಬನಿಗೆ ಕುರಿ, ಒಂಟೆ, ಎತ್ತು, ಕತ್ತೆಗಳು ಇಮ್ಮಡಿಯಾಗಿ ವಾಪಸು ಬಂದವಂತೆ. ಮಕ್ಕಳು ಮತ್ತೆ ಹತ್ತು. ಹಳೆಯ ಹತ್ತು ಮಂದಿಯ ಸುದ್ದಿಯನ್ನು ಆ ಪುಸ್ತಕ ಮತ್ತೆ ಎತ್ತುವುದಿಲ್ಲ. ಹೊಸ ಹತ್ತು ಮಕ್ಕಳಿಂದ ಲೆಕ್ಕ ಚುಕ್ತಾ ಆಯಿತೆಂದು ತಿಳಿದವರು ಒಂದು ಮಗುವನ್ನೂ ಕಳೆದುಕೊಂಡವರಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಮುಂದಿನ ಸಲ ಸಾವಿನ ಮನೆಗೆ ಹೋಗುವಾಗ ಪ್ರಾರಬ್ಧ, ಋಣ, ಪರೀಕ್ಷೆ, ಲೀಲೆ ಎಲ್ಲವನ್ನೂ ಚಪ್ಪಲಿಯ ಜೊತೆ ಗೇಟಿನ ಹೊರಗೇ ಬಿಡಿ. ಒಲೆ ಹಚ್ಚದ ಮನೆ ಅದು, ಒಂದು ಡಬ್ಬಿ ಚಿತ್ರಾನ್ನವೋ ಮೊಸರನ್ನವೋ ಹಿಡಿದುಕೊಂಡು ಹೋಗಿ. ಸುಮ್ಮನೆ ಕೂತು ಬನ್ನಿ. ಮಾತಾಡಲೇಬೇಕು ಎನಿಸಿದರೆ ಶಾಮಿಯಾನದ ಬಾಡಿಗೆ, ಆಂಬುಲೆನ್ಸಿನ ದುಡ್ಡು ಎಷ್ಟಾಯಿತೆಂದು ಮೆಲ್ಲಗೆ ಕೇಳಿ, ಕೊಟ್ಟು ಬನ್ನಿ.